ಗುಡುಗಿಗೆ ಮೊದಲು ಪಿನ್ ಕಿತ್ತವರು

ಇದನ್ನು ಬರೆಯುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಶಿರಸಿಯಲ್ಲಿ ಈಗ ಫೈಬರ್ ಎಳೆಯುವ ಹುಡುಗರು ಸಿಕ್ಕಾಗಲೆಲ್ಲ ಕೇಳುತ್ತಾರೆ, ನಿಮ್ಮ ಕಾಲದಲ್ಲಿ ಆ ಗಾಳಿಮಳೆಯಲ್ಲಿ, ಕರೆಂಟಿಲ್ಲದ ದಿನಗಳಲ್ಲಿ ಮನೆಮನೆಗೆ ನೆಟ್ ಹೇಗೆ ಉಳಿಸಿಕೊಳ್ಳುತ್ತಿದ್ದಿರಿ, ಬರೆದುಕೊಡಿ ಎಂದು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯುತ್ತೇನೆ ಎಂದೆ. ತೆಗೆಸಿಯೂ ಆಯಿತು. ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಅದೂ ಮುಗಿಯಿತು. ನಿಜವಾದ ಕಾರಣ ಬೇರೆ ಇತ್ತು. ನನ್ನ ಕೆಲಸದ ಬಗ್ಗೆ ಹೇಳಿಕೊಳ್ಳಲು ನನ್ನಲ್ಲಿ ಬೇಕಾದಷ್ಟಿದೆ, ಅದಕ್ಕೆ ಸಂಕೋಚವೂ ಇಲ್ಲ. ಆದರೆ ಅದನ್ನೆಲ್ಲ ಹೇಳುತ್ತ ಹೋದರೆ ಹೊನ್ನೆಕೊಪ್ಪದ ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲಲೇಬೇಕು. ಆ ಮನೆಯ ಹೆಂಗಸಿನ ಮೇಲೆ ನಾನು ಒಂದು ಸುಳ್ಳು ಹೇಳಿದೆ. ಊರು ಅದನ್ನು ನಂಬಿತು. ಆ ಮನೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಬರೆಯಲು ಎರಡು ಸಲ ಕೂತು ನೋಡಿದೆ, ಬರೆಯಲು ಬರಲಿಲ್ಲ.

ನಾನು ಬನವಾಸಿ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾದವನು ಕೂಲಿಯವನಾಗಿ ಟೆಲಿಫೋನಿನ ಕೆಲಸಕ್ಕೆ ಸೇರಿ, ಆಮೇಲೆ ಲೈನ್‌ಮನ್ ಆದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ನಾನು ಹತ್ತದ ಕಂಬ ಕಡಿಮೆ. ತೊಂಬತ್ತರ ದಶಕದ ಆರಂಭದಲ್ಲಿ ಹಳ್ಳಿಗಳಿಗೆ ಇನ್ನೂ ಬರೀ ತಂತಿಗಳೇ. ಕಬ್ಬಿಣದ ಕಂಬ, ಅದರ ತಲೆಗೆ ಪಿಂಗಾಣಿ ಬಟ್ಟಲು, ಬಟ್ಟಲಿಂದ ಬಟ್ಟಲಿಗೆ ತಂತಿ. ಗಾಳಿ ಬಂತೆಂದರೆ ಒಂದು ತಂತಿ ಇನ್ನೊಂದನ್ನು ತಬ್ಬಿಕೊಳ್ಳುತ್ತಿತ್ತು. ಆಗ ಒಬ್ಬರ ಮಾತು ಇನ್ನೊಬ್ಬರಿಗೆ. ಉಮ್ಮಚಗಿಯ ಒಂದು ಮನೆಯವರು ವರನ ಕಡೆಯವರ ಬಗ್ಗೆ ಫೋನಿನಲ್ಲಿ ತಮ್ಮ ನೆಂಟರೊಡನೆ ಆಡಿದ ಮಾತು ನೇರವಾಗಿ ವರನ ಚಿಕ್ಕಪ್ಪನ ಕಿವಿಗೇ ಬಿದ್ದು, ಆ ಮನೆಯವರು ನನ್ನನ್ನು ರಸ್ತೆಯಲ್ಲಿ ಹಿಡಿದು ನಿಲ್ಲಿಸಿ ಬೈದಿದ್ದರು. ಮದುವೆ ಆಯಿತೆನ್ನಿ. ಊಟಕ್ಕೆ ನನ್ನನ್ನೂ ಕರೆದರು.

ಆ ಕಾಲದಲ್ಲಿ ನಮಗೆ ಬಂದ ಮೇಲಧಿಕಾರಿ ಕುಲಕರ್ಣಿ ಸಾಹೇಬರು, ಧಾರವಾಡದವರು. ನನಗೆ ಕೆಲಸ ಕಲಿಸಿದವರು ಅವರು. ಮೊದಲ ಸಲ ಅವರ ಎದುರು ನಾನು ಕೇಬಲ್ ಗಂಟು ಹಾಕಿದ್ದು ಮಂಚಿಕೇರಿಯ ಹತ್ತಿರ, ಜಡಿಮಳೆಯಲ್ಲಿ. ತಂತಿಯ ತುದಿಗಳನ್ನು ಸುಲಿದು ಹೊಸೆಯಲು ಕೈ ಹಾಕಿದ್ದೇ ತಡ, ಅವರು ಜೀಪಿನಿಂದ ಇಳಿದು ಬಂದು ನನ್ನ ತಲೆಯ ಮೇಲೆ ತಮ್ಮ ಕೊಡೆ ಹಿಡಿದರು. ನಾನು ಗಾಬರಿಯಾಗಿ ಎದ್ದು ನಿಂತೆ.

“ಕೂಡಪಾ, ನಿನಗಲ್ಲ ಹಿಡಿದದ್ದು, ಗಂಟಿಗೆ,” ಎಂದರು. “ಮೊದಲ ಕೈ ಒರಸ್ಕೊ. ಹಸಿ ಕೈಲೆ ಹಾಕಿದ ಗಂಟು ಇವತ್ತ ಮಾತಾಡತೈತಿ, ನಾಳೆ ಗೊರಗೊರ ಅಂತೈತಿ.”

ತಾವು ಪೂರ್ತಿ ತೊಯ್ದು, ಗಂಟು ಮುಗಿಯುವವರೆಗೂ ಕೊಡೆ ಹಿಡಿದೇ ನಿಂತಿದ್ದರು. ಅಂಥ ಸಾಹೇಬರು. ಅವರ ಕಣ್ಣಿನಲ್ಲಿ ಒಳ್ಳೆಯವನಾಗಿ ಉಳಿಯಬೇಕು ಎನ್ನುವುದು ಅಂದಿನಿಂದ ನನಗೆ ಒಂದು ಹುಚ್ಚಾಯಿತು. ಈ ಹುಚ್ಚು ನನ್ನಿಂದ ಒಳ್ಳೆಯ ಕೆಲಸ ಮಾಡಿಸಿದೆ. ಕೆಟ್ಟದ್ದನ್ನೂ ಮಾಡಿಸಿತು.

ಇಂಟರ್‌ನೆಟ್ ನಮ್ಮ ಕಡೆ ಮೊದಲು ಬಂದದ್ದು ಫೋನಿನ ಮೂಲಕ ಡಯಲ್ ಮಾಡುವ ರೀತಿಯಲ್ಲಿ. ಕಂಪ್ಯೂಟರು ತಾನೇ ಫೋನ್ ಮಾಡಿ, ಕಿರಕಿರ ಕೂಗಿ, ಆಮೇಲೆ ನೆಟ್ ಸಿಗುತ್ತಿತ್ತು. ಯಲ್ಲಾಪುರ ತಾಲೂಕಿನ ಒಬ್ಬ ಡಾಕ್ಟರರ ಮನೆಯಲ್ಲಿ ಸಂಜೆಯಾಯಿತೆಂದರೆ ನೆಟ್ ಕಡಿದುಹೋಗುತ್ತದೆ ಎಂದು ದೂರು. ನಾನು ಕಂಬ ನೋಡಿದೆ, ಗಂಟು ನೋಡಿದೆ, ಕೊನೆಗೆ ಕಂಬದಿಂದ ಮನೆಯವರೆಗಿನ ತಂತಿಯನ್ನೇ ಪೂರ್ತಿ ಬದಲಿಸಿದೆ. ಆದರೂ ಅದೇ ಕಥೆ. ಒಂದು ಸಂಜೆ ಅಲ್ಲೇ ಕೂತು ನೋಡಿದಾಗ, ಒಳಗೆ ಅಡುಗೆಮನೆಯಲ್ಲಿ ಅದೇ ಲೈನಿಗೆ ಇನ್ನೊಂದು ಫೋನ್ ಇದ್ದದ್ದು ತಿಳಿಯಿತು. ದೇವರಿಗೆ ದೀಪ ಹಚ್ಚಿ ಎದ್ದ ಡಾಕ್ಟರರ ತಾಯಿ ದಿನವೂ ಅದನ್ನು ಎತ್ತಿ ಕಿವಿಗಿಟ್ಟು ನೋಡುತ್ತಿದ್ದರು. ಅವರೆತ್ತಿದ ಕೂಡಲೇ ಮಗನ ನೆಟ್ ಸತ್ತುಹೋಗುತ್ತಿತ್ತು.

ಮಗ ಕೇಳಿದ್ದಕ್ಕೆ ಆಯಿ ಸಿಟ್ಟಾದರು. “ಆನು ಎಂತದೂ ಮಾಡಿದ್ನಿಲ್ಲೆ. ಟೋನ್ ಇದ್ದಾ ಇಲ್ಲ್ಯಾ ನೋಡ್ದಿ, ಅಷ್ಟೇಯ.”

ಬಹಳ ಮಳೆಗಾಲ ಫೋನ್ ಸತ್ತಿರುವುದನ್ನೇ ಕಂಡ ಜೀವ. ದಿನಕ್ಕೊಮ್ಮೆ ಅದು ಬದುಕಿದೆಯೇ ಎಂದು ನೋಡುವುದು ಅವರಿಗೆ ರೂಢಿ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ತಂತಿ ನೋಡುವ ಮೊದಲು ಮನೆಯವರು ದಿನವಿಡೀ ಏನು ಮಾಡುತ್ತಾರೆ ನೋಡಿ.

ಎರಡು ಸಾವಿರದ ಇಸವಿಯ ಕೆಲವು ವರ್ಷಗಳ ನಂತರ ಬ್ರಾಡ್‌ಬ್ಯಾಂಡ್ ಬಂತು. ಫೋನೂ ನೆಟ್ಟೂ ಒಂದೇ ತಂತಿಯಲ್ಲಿ, ಮನೆಯಲ್ಲಿ ಒಂದು ಮೋಡೆಮ್. ನಮ್ಮಲ್ಲಿ ಬಹಳ ಜನ ಲೈನ್‌ಮನ್‌ಗಳು ಆಗ ಸೋತರು. ಯಾಕೆಂದರೆ ಫೋನು ಸಹನೆಯುಳ್ಳದ್ದು, ಗಂಟು ಸಡಿಲಿದ್ದರೂ ಗೊರಗೊರ ಎನ್ನುತ್ತ ಮಾತಾಡುತ್ತದೆ. ನೆಟ್‌ಗೆ ಆ ಸಹನೆ ಇಲ್ಲ. ಒಂದು ಹನಿ ನೀರು, ಡಬ್ಬಿಯೊಳಗೆ ಗೂಡು ಕಟ್ಟಿದ ಚಗಳಿ ಇರುವೆ, ಹಸಿರುಗಟ್ಟಿದ ಒಂದು ಸ್ಕ್ರೂ, ಯಾವುದಾದರೂ ಸಾಕು, ಮೋಡೆಮಿನ ದೀಪ ಮಿಣುಕಲು ಶುರು. ಕುಲಕರ್ಣಿ ಸಾಹೇಬರ ಕೊಡೆಯ ಕೆಳಗೆ ಕಲಿತದ್ದು ನನಗೆ ಆಗ ಒದಗಿತು. ನಾನು ಹಾಕಿದ ಗಂಟುಗಳಲ್ಲಿ ನೆಟ್ ನಿಲ್ಲುತ್ತಿತ್ತು. ಬೇರೆ ಸೆಕ್ಷನ್ನಿನವರೂ ಕರೆಯತೊಡಗಿದರು.

ಹೇರೂರಿನ ಮಾಸ್ತರೊಬ್ಬರ ಮನೆಯ ದೂರು ಈಗಲೂ ನೆನಪಿದೆ. ಮಳೆ ಬಂದರೆ ನೆಟ್ ಹೋಗುವುದಿಲ್ಲ, ಗಾಳಿ ಬಂದರೂ ಹೋಗುವುದಿಲ್ಲ, ಆದರೆ ಕೆಲವು ದಿನ ತಾಸುಗಟ್ಟಲೆ ಇರುವುದೇ ಇಲ್ಲ. ನನಗಿಂತ ಮೊದಲು ಹೋದವರೆಲ್ಲ ಮೋಡೆಮ್ ಬದಲಿಸಿ ಬಂದಿದ್ದರು. ನಾನು ಚೀಲವನ್ನೇ ಬಿಚ್ಚದೆ ಅವರ ಅಂಗಳದಲ್ಲಿ ಕೂತೆ. ಮಾಸ್ತರರು ಎರಡು ಸಲ ಚಾ ಕೊಟ್ಟು, “ನೀವು ರಿಪೇರಿಗೆ ಬಂದದ್ದೋ, ನೆಂಟಸ್ತನಕ್ಕೋ?” ಎಂದು ಕೇಳಿಯೂ ಬಿಟ್ಟರು. ಮಧ್ಯಾಹ್ನದ ಮೇಲೆ ಗಾಳಿ ಪಡುವಣಕ್ಕೆ ತಿರುಗಿತು. ರಸ್ತೆಯಾಚೆಯ ಹಲಸಿನ, ಬೆಳಗಿನ ಮಳೆಗೆ ತೊಯ್ದಿದ್ದ ಒಂದು ಕೊಂಬೆ ಬಾಗಿ ತಂತಿಯ ಮೇಲೆ ಕೂತಿತು. ಒಳಗಿಂದ ಮಾಸ್ತರರು ಕೂಗಿದರು, ನೆಟ್ ಹೋಯ್ತು ಎಂದು. ಕೊಂಬೆ ತಿಕ್ಕಿ ತಿಕ್ಕಿ ತಂತಿಯ ಮೇಲಿನ ಹೊದಿಕೆ ಸವೆದಿತ್ತು. ಆ ಜಾಗಕ್ಕೆ ಒದ್ದೆ ಎಲೆ ತಾಗಿದಾಗ ಮಾತ್ರ ರೋಗ. ಪಡುಗಾಳಿಯೂ ಬೇಕು, ಎಲೆಯೂ ಒದ್ದೆಯಿರಬೇಕು. ಹತ್ತಿ, ಕೊಂಬೆ ಕಡಿದು, ತಂತಿ ಜೋಡಿಸಿ ಇಳಿದೆ. ಮಾಸ್ತರರು ಆಮೇಲೆ ಶಾಲೆಯಲ್ಲಿ ಮಕ್ಕಳಿಗೆ ಈ ಕಥೆ ಹೇಳಿದರಂತೆ. ಆ ಹೆಮ್ಮೆಯಲ್ಲಿ ನಾನು ಎಷ್ಟೋ ದಿನ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ.

ಮಳೆಗಿಂತ ದೊಡ್ಡ ಶತ್ರು ಕರೆಂಟು. ಮಳೆಗಾಲ ಕೂತಿತೆಂದರೆ ಕಾಡಿನಲ್ಲಿ ಮತ್ತಿ ಮರವೋ ನಂದಿ ಮರವೋ ಉರುಳಿ ಕರೆಂಟಿನ ತಂತಿ ಹೋಗುತ್ತಿತ್ತು. ಹಳ್ಳಿಯ ಎಕ್ಸ್‌ಚೇಂಜ್ ಎಂದರೆ ಹೆಂಚಿನ ಎರಡು ಕೋಣೆ. ಒಂದರಲ್ಲಿ ಯಂತ್ರ, ಇನ್ನೊಂದರಲ್ಲಿ ಬ್ಯಾಟರಿಗಳ ಸಾಲು, ಹೊರಗೆ ತಗಡಿನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್. ಬ್ಯಾಟರಿ ಇಳಿಯುತ್ತ ಬಂದರೆ ನೆಟ್ ಬಂದ್ ಮಾಡಿ ಫೋನ್ ಉಳಿಸಬೇಕು ಎಂಬುದು ನಿಯಮ. ನಾನು ಆ ನಿಯಮಕ್ಕೆ ಆದಷ್ಟು ಕೆಲಸ ಕೊಡಲಿಲ್ಲ. ನನ್ನ ಬ್ಯಾಟರಿಗಳಿಗೆ ಹೊತ್ತುಹೊತ್ತಿಗೆ ಡಿಸ್ಟಿಲ್ಡ್ ನೀರು ಬಿದ್ದಿರುತ್ತಿತ್ತು. ಎಂಜಿನ್ನನ್ನು ಬೇಸಿಗೆಯಲ್ಲೂ ವಾರಕ್ಕೊಮ್ಮೆ ಸುಮ್ಮನೆ ಓಡಿಸಿ ಇಡುತ್ತಿದ್ದೆ. ಮನೆಗಳವರಿಗೂ ಒಂದು ಉಪಾಯ ಕಲಿಸಿದೆ. ಮೋಡೆಮಿಗೆ ಬೇಕಾದ ಕರೆಂಟು ಬೈಕಿನ ಹಳೆಯ ಬ್ಯಾಟರಿಯಲ್ಲಿ ಧಾರಾಳ ಸಿಗುತ್ತದೆ. ಮೋಡೆಮಿನ ಕೆಳಗೆ ಬರೆದದ್ದನ್ನು ಓದಿ, ಹೊಂದುವ ಕಡೆಯೆಲ್ಲ ನಾನೇ ವಯರು ಜೋಡಿಸಿಕೊಟ್ಟೆ. ಊರಿಡೀ ಕತ್ತಲಾಗಿದ್ದಾಗ ಆ ಮನೆಗಳಲ್ಲಿ ಮೋಡೆಮಿನ ಹಸಿರು ದೀಪ ಉರಿಯುತ್ತಿತ್ತು.

ಡೀಸೆಲ್ ತರುವವನು ಬಾಬುಸಾಬ, ಯಲ್ಲಾಪುರದವನು, ಇಲಾಖೆಗೆ ಬಾಡಿಗೆ ಜೀಪು ಓಡಿಸುತ್ತಿದ್ದ. ಒಂದು ಮಳೆಗಾಲದಲ್ಲಿ ಸಿದ್ದಾಪುರದ ಆಚೆಗೆಲ್ಲ ವಾರವಿಡೀ ಕರೆಂಟಿಲ್ಲ. ಎಕ್ಸ್‌ಚೇಂಜಿಗೆ ಹೋಗುವ ದಾರಿಗೆ ಒಂದು ದೊಡ್ಡ ಮರ ಅಡ್ಡ ಬಿದ್ದಿತ್ತು. ಬಾಬುಸಾಬ ಜೀಪು ನಿಲ್ಲಿಸಿ, ಮರವನ್ನೂ ನನ್ನನ್ನೂ ಒಂದು ಸಲ ನೋಡಿದ. “ಹನ್ಮಂತು, ನೀನು ಆಂಜನೇಯ ಅಲ್ಲೇನೋ? ಎತ್ತು ನೋಡುವಾ,” ಎಂದ. ಆಮೇಲೆ ಇಬ್ಬರೂ ಡೀಸೆಲ್ ಕ್ಯಾನುಗಳನ್ನು ಹೆಗಲಿಗೆ ಹೊತ್ತು, ಮರ ದಾಟಿ, ಉಂಬಳಗಳಿಗೆ ರಕ್ತ ಕೊಡುತ್ತ ಮೂರು ದಿನ ಹಾಗೆಯೇ ನಡೆದೆವು. ಆ ವಾರ ನಮ್ಮ ಎಕ್ಸ್‌ಚೇಂಜು ಒಂದು ಸಲವೂ ನಿಲ್ಲಲಿಲ್ಲ. ಪಿಯುಸಿ ರಿಸಲ್ಟು ಬಂದದ್ದು ಅದೇ ವಾರ. ಸುತ್ತಲಿನ ಹುಡುಗಿಯರು, ಹುಡುಗರು ಜನರೇಟರ್ ಇದ್ದ ಒಂದು ಮನೆಯ ಜಗಲಿ ತುಂಬ ನಿಂತು ನಂಬರು ಹಾಕಿ ನೋಡಿಕೊಂಡರು. ಪಾಸಾದ ಒಬ್ಬಳ ಅಪ್ಪ ಬಂದು ನನ್ನ ಕೈ ಹಿಡಿದುಕೊಂಡ. ಇಂಥದ್ದಕ್ಕೆ ಸಮನಾದ ಬಹುಮಾನ ಯಾವ ಇಲಾಖೆಯೂ ಕೊಡಲಾರದು.

ಇನ್ನು ಸಿಡಿಲು. ನಮ್ಮ ಕಡೆ ಸಿಡಿಲಿನ ಕಾಟ ಜೋರು ಮಳೆಗಾಲದಲ್ಲಿ ಅಲ್ಲ, ಅದಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗಳಲ್ಲಿ. ಆಗ ಎಲ್ಲ ಮನೆಗಳಲ್ಲೂ ಒಂದು ಪದ್ಧತಿ ಬೆಳೆದಿತ್ತು. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಗೋಡೆಯ ಸಾಕೆಟ್ಟಿನಿಂದ ಲೈನಿನ ಪಿನ್ ಕಿತ್ತಿಡಬೇಕು. ಇಲ್ಲದಿದ್ದರೆ ತಂತಿಯ ಮೇಲೆ ಬಂದ ಸಿಡಿಲು ಮೋಡೆಮ್ ಸುಡುತ್ತದೆ. ಒಲೆಯ ಮೇಲೆ ಹಾಲಿದ್ದರೂ ಬಿಟ್ಟು ಓಡಿ ಪಿನ್ ಕೀಳುತ್ತಿದ್ದರು. ರಸ್ತೆಯ ಈ ಬದಿಯ ಮನೆಯಿಂದ ಆ ಬದಿಗೆ, “ಪಿನ್ ಕಿತ್ತಿದ್ಯನೆ?” ಎಂದು ಕೂಗಿ ಕೇಳುವುದಿತ್ತು. ಪಿನ್ ಕೀಳುವ ಮನೆ ಎಂದರೆ ಜವಾಬ್ದಾರಿಯ ಮನೆ. ಯಾರ ಮೋಡೆಮಾದರೂ ಸುಟ್ಟರೆ ನಾವು ಹೋಗಿ ಕೇಳುವ ಮೊದಲ ಮಾತು ಅದೇ. ಪಿನ್ ಕಿತ್ತಿದ್ರಾ? ಎಷ್ಟೋ ಸಲ ತಪ್ಪು ನಮ್ಮದೇ ಇದ್ದರೂ ಈ ಒಂದು ಪ್ರಶ್ನೆಯಿಂದ ಅದು ಮನೆಯವರ ಮೇಲೆ ಹೋಗಿ ಕೂರುತ್ತಿತ್ತು.

ನಮ್ಮ ಕಡೆಯ ಜವಾಬ್ದಾರಿ ಅರ್ಥಿಂಗ್ ಗುಂಡಿ. ಎಕ್ಸ್‌ಚೇಂಜಿನ ಹಿತ್ತಿಲಲ್ಲಿ ಆಳಕ್ಕೆ ಕೊಳವೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿರುತ್ತದೆ. ತಂತಿಯ ಮೇಲೆ ಸಿಡಿಲು ಬಂದರೆ ಯಂತ್ರಕ್ಕೆ ಹೋಗದೆ ಈ ಗುಂಡಿಗೆ ಇಳಿಯಬೇಕು. ಗುಂಡಿ ಒದ್ದೆಯಿದ್ದರೆ ಭೂಮಿ ಅದನ್ನು ನುಂಗುತ್ತದೆ. ಒಣಗಿದ್ದರೆ ನುಂಗುವುದಿಲ್ಲ. ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಲೆಯ ಕಲ್ಲಿನಷ್ಟು ಒಣಗುತ್ತದೆ. ಹಾಗಾಗಿ ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ಆ ಗುಂಡಿಗೆ ಕ್ಯಾನುಗಟ್ಟಲೆ ನೀರು ಹೊಯ್ಯುತ್ತಿರಬೇಕು.

ಹೊನ್ನೆಕೊಪ್ಪ ಸಿದ್ದಾಪುರ ತಾಲೂಕಿನ ಸಣ್ಣ ಊರು. ಎಕ್ಸ್‌ಚೇಂಜಿನ ಬಾವಿ ಮಾರ್ಚಿಗೇ ಬತ್ತುತ್ತಿದ್ದರಿಂದ ಬಾಬುಸಾಬ ಜೀಪಿನಲ್ಲಿ ನೀರು ತಂದುಕೊಡುತ್ತಿದ್ದ. ಆ ವರ್ಷ ಏಪ್ರಿಲ್ ಕೊನೆಗೆ ಒಂದು ಮಳೆ ಬಿತ್ತು. ಮಾರನೆಯ ದಿನ ಅವನು ಕೇಳಿದ, “ಗುಂಡಿಗೆ ನೀರು ತರ್ಲಾ ಹನ್ಮಂತು?” ನಾನು ಗುಂಡಿಯ ಮೇಲಿನ ಮಣ್ಣಿಗೆ ಬೆರಳು ಹಾಕಿ ನೋಡಿದೆ. ಬೆರಳಿಗೆ ಕೆಸರು ಹತ್ತಿತು. “ದೇವರೇ ಹೊಯ್ದಾನಲ್ಲೋ, ಇನ್ನ ನೀನ್ಯಾಕ,” ಎಂದೆ. ಅವನು, “ಒಂದು ಮಳೆಗೆ ಇದು ಎಲ್ಲಿ ತೊಯ್ತದೆ,” ಎಂದು ಗೊಣಗಿ ಹೋದ. ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ದಿನಗಳಲ್ಲಿ ನನ್ನನ್ನು ಹೊಗಳುವವರು ಬಹಳ ಇದ್ದರು. ದೂರದ ಸೆಕ್ಷನ್ನುಗಳಿಗೆ ಕರೆಸಿಕೊಂಡು ಹೋಗಿ ಕಠಿಣವಾದ ರೋಗ ಹುಡುಕುವುದು ನನಗೆ ರುಚಿಸುತ್ತಿತ್ತು. ಗುಂಡಿಗೆ ನೀರು ಹೊಯ್ಯುವುದು ಯಾರೂ ನೋಡದ ಕೆಲಸ.

ಆ ಊರಿನ ಬಸ್ ನಿಲ್ಲುವ ಕಡೆ, ಎಕ್ಸ್‌ಚೇಂಜಿಗೆ ಹತ್ತಿರದಲ್ಲಿ, ಚಿನ್ನದ ಕೆಲಸ ಮಾಡುವ ಒಬ್ಬ ಶೇಟರ ಮನೆಯಿತ್ತು. ಶೇಟರು ಮುಂದಿನ ಕೋಣೆಯಲ್ಲಿ ಕೂತು ಉಂಗುರ, ಮೂಗುತಿ ಮಾಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವರ ಹೆಂಡತಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಊರಿನವರಿಗೆ ಅವರು ಪತ್ರಿಕೆ ಅಕ್ಕ. ಹೆಸರುಗಳಲ್ಲಿ ಒಂದು ಒತ್ತಕ್ಷರವೂ ತಪ್ಪುತ್ತಿರಲಿಲ್ಲ. ಯಾರ ಅಜ್ಜ ಇದ್ದಾರೆ, ಯಾರ ಅಜ್ಜ ಹೋದರು, ಯಾರ ಹೆಸರು ಮೇಲೆ ಬರಬೇಕು, ಯಾರದ್ದು ಬಿಟ್ಟರೆ ಜಗಳ, ಎಲ್ಲ ಅವರಿಗೆ ಬಾಯಿಪಾಠ. ಪತ್ರಿಕೆ ಸಿದ್ಧಮಾಡಿ ನೆಟ್‌ನಲ್ಲಿ ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಕಳಿಸಿದರೆ, ಅಚ್ಚಾದದ್ದು ಬಸ್ಸಿನಲ್ಲಿ ಬರುತ್ತಿತ್ತು. ಮದುವೆಯ ಕಾಲವೂ ಸಿಡಿಲಿನ ಕಾಲವೂ ಒಂದೇ ಆದ್ದರಿಂದ ಅವರಷ್ಟು ಕಾಳಜಿಯಿಂದ ಮೋಡೆಮ್ ನೋಡಿಕೊಂಡವರನ್ನು ನಾನು ಕಂಡಿಲ್ಲ. ಅದಕ್ಕೆ ಹಳೆಯ ರವಿಕೆ ಬಟ್ಟೆಯಲ್ಲಿ ಒಂದು ಮುಸುಕು ಹೊಲಿದಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಹೊನ್ನೆಕೊಪ್ಪದ ಮೇಲೆ ಸಿಡಿಲು ಹೊಡೆಯಿತು. ನಾನು ಹೋಗಿ ಬಾಗಿಲು ತೆಗೆದರೆ ಯಂತ್ರದ ಕೋಣೆಯಲ್ಲಿ ಸುಟ್ಟ ವಾಸನೆ. ಬ್ರಾಡ್‌ಬ್ಯಾಂಡಿನ ಕಾರ್ಡು ಹೋಗಿತ್ತು. ಅಂದರೆ ಇಡೀ ಊರಿನ ನೆಟ್ ಹೋಗಿತ್ತು. ನಾನು ಸೀದಾ ಹಿತ್ತಿಲಿಗೆ ಹೋಗಿ ಹಾರೆಯಿಂದ ಗುಂಡಿ ಅಗೆದೆ. ಮೇಲೆ ಬೆರಳಿನಷ್ಟು ಕೆಸರು. ಅದರ ಕೆಳಗೆ ಇದ್ದಿಲು ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಒಣಗಿ ಕರಕರ ಎನ್ನುತ್ತಿತ್ತು. ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಪಕ್ಕದ ಹೋಟೆಲಿನಿಂದ ಕೊಡಗಟ್ಟಲೆ ನೀರು ತಂದು ಗುಂಡಿಗೆ ಹೊಯ್ದೆ. ಸಿಡಿಲು ಹೊಡೆದಾದ ಮೇಲೆ ಹೊಯ್ದೆ. ಮರುದಿನ ಕುಲಕರ್ಣಿ ಸಾಹೇಬರು ಬಂದು ಅಳೆಯುತ್ತಾರೆಂದು ನನಗೆ ಗೊತ್ತಿತ್ತು.

ನಂತರ ಮನೆಗಳಿಗೆ ಹೋದೆ. ಸಿಡಿಲಿನ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿದ್ದ ಒಂದೆರಡು ಕಡೆ ಪಿನ್ ಹಾಗೇ ಇದ್ದು ಮೋಡೆಮ್ ಸುಟ್ಟಿತ್ತು. ಉಳಿದವರದು ಉಳಿದಿತ್ತು. ಶೇಟರ ಮನೆಯಲ್ಲಿ ಮಾತ್ರ ಗೋಡೆಯ ಸಾಕೆಟ್ಟೇ ಒಡೆದು, ಸುಣ್ಣದ ಮೇಲೆ ಕರಿ ಹಿಡಿದಿತ್ತು. ಎಕ್ಸ್‌ಚೇಂಜಿಗೆ ಹತ್ತಿರದ ಮನೆ, ಹಾಗಾಗುವುದು ಸಹಜ. ಪತ್ರಿಕೆ ಅಕ್ಕ ಮುಸುಕು ತೆಗೆದು ಮೋಡೆಮ್ ತೋರಿಸಿದರು.

“ಗುಡುಗೋಕೆ ಮೊದ್ಲೇ, ಮೋಡ ಕಪ್ಪಾದಾಗ್ಲೇ ಕಿತ್ತಿಟ್ಟಿದ್ದೆ ಹನುಮಂತಣ್ಣ. ಸಾಕೆಟ್ ಹೋಯ್ತು, ಇದಕ್ಕೆ ಎಂತೂ ಆಗ್ಲಿಲ್ಲ. ಬೇಕಾದ್ರೆ ಹಚ್ಚಿ ನೋಡಿ.”

ಟೆಸ್ಟ್ ಮಾಡುತ್ತೇನೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಗೆ ಹಚ್ಚಿದೆ. ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಅವರು ಪಿನ್ ಕಿತ್ತಿದ್ದರು ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಮರುದಿನ ಸಾಹೇಬರು ಬಂದು ಗುಂಡಿ ಅಳೆದರು. ಮೀಟರು ಸರಿಯಾಗಿಯೇ ತೋರಿಸಿತು. “ನಿನ್ನ ಅರ್ಥಿಂಗು ಬರೋಬ್ಬರಿ ಐತಿ. ಹಂಗಾದ್ರ ಇಷ್ಟ ಹೊಡತ ಎಲ್ಲಿಂದ ಬಂತೋ?” ಎಂದು ಕೇಳಿದರು. ಆಗ ನಿಜ ಹೇಳಬಹುದಿತ್ತು. ಅವರು ಬೈಯುತ್ತಿದ್ದರು, ಬಹಳವೆಂದರೆ ಒಂದು ಮೆಮೊ ಕೊಡುತ್ತಿದ್ದರು. ಆದರೆ ನನ್ನ ತಲೆಯ ಮೇಲೆ ಕೊಡೆ ಹಿಡಿದ ಮನುಷ್ಯನ ಮುಖ ಬದಲಾಗುವುದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ.

“ಶೇಟರ ಮನಿಯಾಗ ಪಿನ್ ಕಿತ್ತಿದ್ದಿಲ್ರಿ ಸರ್. ಅವ್ರ ಲೈನ್ ಹಿಡದು ಒಳಗ ಬಂದೈತಿ. ಸಾಕೆಟ್ ಒಡದೈತಿ, ಮೋಡೆಮ್ ಸುಟ್ಟೈತಿ.”

ಬೇರೆ ಮನೆಯಿಂದ ತಂದ ಸುಟ್ಟ ಮೋಡೆಮನ್ನು ಅವರ ಕೈಗೆ ಕೊಟ್ಟೆ.

ಸಾಹೇಬರು ಆ ಮನೆಗೆ ಹೋದರು. ನಾನು ಹಿಂದೆ. ಅಕ್ಕಪಕ್ಕದವರು, ನೆಟ್ ಯಾವಾಗ ಬರುತ್ತದೆಂದು ಕೇಳಲು ಬಂದ ಸೊಸೈಟಿಯ ಹೆಗಡೇರು, ಎಲ್ಲ ಜಗಲಿಯ ಕೆಳಗೆ ನಿಂತಿದ್ದರು. ಸಾಹೇಬರು ದನಿ ಏರಿಸದೆ, ಇನ್ನು ಮುಂದೆ ಗುಡುಗಿದರೆ ಪಿನ್ ಕೀಳಬೇಕು, ಒಬ್ಬರು ಮರೆತರೆ ಊರಿಗೇ ತೊಂದರೆ ಎಂದು ಮರ್ಯಾದೆಯಿಂದಲೇ ಹೇಳಿದರು.

“ನಾನು ಕಿತ್ತಿದ್ದೆ,” ಎಂದರು ಪತ್ರಿಕೆ ಅಕ್ಕ.

“ನಮ್ಮ ಹನ್ಮಂತಪ್ಪ ಸುಳ್ಳ ಹೇಳಾವಲ್ಲರಿ, ತಾಯಿ.”

ಅವರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕರಿಯನ್ನು ನೋಡುತ್ತ ನಿಂತೆ. ಅವರು ಒಳಗೆ ಹೋದರು.

ಹೊಸ ಕಾರ್ಡು ಬರಲು ವಾರಗಳೇ ಹಿಡಿದವು. ಮದುವೆಯ ಕಾಲ ಹಾಗೆಯೇ ಹೋಯಿತು. ಅವರು ಪತ್ರಿಕೆಗಳನ್ನು ಸಿಡಿಗೆ ಹಾಕಿಕೊಂಡು ಬಸ್ಸಿನಲ್ಲಿ ಶಿರಸಿಗೆ ಓಡಾಡಿ ಅಲ್ಲಿಂದ ಪ್ರೆಸ್ಸಿಗೆ ಕಳಿಸಿದರು. ಕೆಲವು ಪತ್ರಿಕೆಗಳು ತಡವಾದವು. ಮದುವೆ ಮನೆಯವರು ಬೇರೆ ಕಡೆ ಕೆಲಸ ಕೊಟ್ಟರು. ಅದಕ್ಕಿಂತ ಕೆಟ್ಟದ್ದು ಊರಿನ ಬಾಯಿ. ಮೋಡ ಕವಿದರೆ ಸಾಕು, ರಸ್ತೆಯಲ್ಲಿ ಹೋಗುವವರು ಆ ಮನೆಯ ಮುಂದೆ ನಿಂತು, “ಪತ್ರಿಕೆ ಅಕ್ಕಾ, ಪಿನ್ ಕಿತ್ತಿದ್ರಾ?” ಎಂದು ಕೇಳಿ ನಗುವುದು ರೂಢಿಯಾಯಿತು. ಯಾರಾದರೂ ಏನನ್ನಾದರೂ ಮರೆತರೆ ಅವರಿಗೆ ‘ಶೇಟರ ಮನೆ ಪಿನ್ನು’ ಎನ್ನುತ್ತಿದ್ದರು. ಹೆಚ್ಚಿನವರು ತಮಾಷೆಗೇ ಅಂದದ್ದು. ಒಂದು ಅಕ್ಷರವೂ ತಪ್ಪದ ಹೆಂಗಸಿಗೆ ಮರೆವಿನ ಹೆಸರು ಅಂಟಿತು. ಅವರಿಗೆ ಬೇರೆ ಮೋಡೆಮ್ ಕೊಟ್ಟು, ಅವರ ಆ ಒಳ್ಳೆಯ ಮೋಡೆಮನ್ನು ನಾನು ಬೇರೊಂದು ಊರಿನ ಮನೆಗೆ ಹಚ್ಚಿದೆ. ಅದು ಅಲ್ಲಿ ಬಹಳ ವರ್ಷ ಚೆನ್ನಾಗಿ ನಡೆಯಿತು.

ಎರಡು ಮಳೆಗಾಲ ಕಳೆದು ಅವರು ಲೈನ್ ವಾಪಸ್ ಕೊಟ್ಟರು. ಸಾಮಾನು ತರಲು ಹೋದವನು ನಾನೇ. ಮುರುಗಲ ಪಾನಕ ತಂದಿಟ್ಟರು. ನಾನು ವಯರು ಸುತ್ತುತ್ತಿದ್ದೆ.

“ಒಂದು ಕೇಳ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ಹಳೇ ಮೋಡೆಮ್ ಹಚ್ಚಿ ನೋಡಿದ್ರಾ?”

“ನೋಡಿದ್ದೆ.”

“ಹೊತ್ತಿತ್ತಾ?”

“ಅದು ಈಗ ಯಾಕ್ರಿ ಅಕ್ಕಾರೆ,” ಎಂದೆ.

“ಆತು,” ಎಂದರು. ಲೋಟದ ಕಡೆ ಕೈ ತೋರಿಸಿ, “ಕುಡೀರಿ, ಬಿಸಿಲಲ್ಲಿ ಬಂದಿದ್ರಿ.”

ಕುಡಿದೆ. ಅದನ್ನೂ ಇಲ್ಲಿ ಬರೆದಿಡಬೇಕು.

ಅಲ್ಲಿಂದ ಮುಂದೆ ನನ್ನ ಸೆಕ್ಷನ್ನಿನಲ್ಲಿ ಯಾವ ಗುಂಡಿಯೂ ಒಣಗಲು ನಾನು ಬಿಡಲಿಲ್ಲ. ಮಳೆ ಬಿದ್ದ ಮರುದಿನವೂ ನೀರು ಹೊಯ್ಯುತ್ತಿದ್ದೆ. ಜೊತೆಯವರು ನಗುತ್ತಿದ್ದರು. ನಿವೃತ್ತಿಯಾಗುವವರೆಗೂ ಸಿಡಿಲಿಗೆ ನನ್ನ ಇನ್ನೊಂದು ಕಾರ್ಡು ಹೋಗಲಿಲ್ಲ. ಬೀಳ್ಕೊಡುಗೆಯ ದಿನ ಅದನ್ನೇ ಎಲ್ಲರೂ ಹೊಗಳಿದರು. ಅಷ್ಟು ಹೊತ್ತಿಗೆ ನಿವೃತ್ತರಾಗಿ ಮೈ ಸೋತಿದ್ದ ಕುಲಕರ್ಣಿ ಸಾಹೇಬರೂ ಧಾರವಾಡದಿಂದ ಬಂದಿದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು. ಅವರಿಗೂ ನಾನು ಹೇಳಲಿಲ್ಲ. ಈಗ ಅವರಿಲ್ಲ.

ಬಾಬುಸಾಬನಿಗೆ ಗೊತ್ತಿತ್ತು. ಅವನು ಹಾಸಿಗೆ ಹಿಡಿದಿದ್ದಾಗ ಯಲ್ಲಾಪುರಕ್ಕೆ ನೋಡಲು ಹೋಗಿದ್ದೆ. ಹಳೆಯ ಮಾತೆಲ್ಲ ಬಂತು, ಮರ ದಾಟಿ ಡೀಸೆಲ್ ಹೊತ್ತದ್ದು, ಉಂಬಳ, ಎಲ್ಲ. ಕೊನೆಗೆ ಕೇಳಿದ.

“ಹನ್ಮಂತು, ಆ ವರ್ಷ ನಾನು ನೀರು ತರ್ಲಾ ಅಂತ ಕೇಳಿದ್ದೆ. ನೆನಪಿದ್ಯಾ?”

“ಐತಿ.”

“ನಾನು ಹೇಳಿದ್ರೆ ಚಾಡಿ ಆಗ್ತದೆ. ನೀನು ಹೇಳಿದ್ರೆ ಮಾತ್ರ ಅದು ಮಾತು.” ಅಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾದ.

ಅದಾದ ಮೇಲೆಯೂ ಹೇಳಲು ನನಗೊಂದು ಅವಕಾಶ ಸಿಕ್ಕಿತ್ತು. ಶಿರಸಿ ಪೇಟೆಯಲ್ಲಿ ಬಟ್ಟೆ ಅಂಗಡಿಯ ಎದುರು ಪತ್ರಿಕೆ ಅಕ್ಕನೇ ನನ್ನನ್ನು ಗುರುತಿಸಿ ನಿಲ್ಲಿಸಿದರು. ಕೂದಲು ಬೆಳ್ಳಗಾಗಿತ್ತು. ಶೇಟರು ತೀರಿಕೊಂಡ ಮೇಲೆ ಕುಮಟೆಯಲ್ಲಿ ತಮ್ಮನ ಮನೆಯ ಹತ್ತಿರ ಇದ್ದೇನೆ ಎಂದರು. ಟೈಪಿಂಗ್ ಮಾಡ್ತೀರಾ ಎಂದು ಕೇಳಿದೆ. ಇಲ್ಲ, ಆಮೇಲೆ ಮಾಡಲಿಲ್ಲ ಎಂದರು. ನಾನು ಕುಂಟುವುದನ್ನು ಕಂಡು ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದರು. ನಿಜ ನನ್ನ ಬಾಯಿಯವರೆಗೆ ಬಂದಿತ್ತು. ಬಸ್ಸಿಗೆ ತಡವಾಗುತ್ತದೆ ಎಂದು ಹೇಳಿ ಹೊರಟುಬಿಟ್ಟೆ. ನನಗೆ ಯಾವ ಬಸ್ಸೂ ಇರಲಿಲ್ಲ.

ಈ ಕೆಲಸಕ್ಕೆ ಬರುವ ನಿಮಗೆ ನನ್ನಿಂದ ಕಲಿಯಲು ಒಳ್ಳೆಯದೂ ಇದೆ, ಅದನ್ನು ಮೇಲೆ ಬರೆದಿದ್ದೇನೆ, ಹಿಂದೆ ತೆಗೆದುಕೊಳ್ಳುವುದಿಲ್ಲ. ಗಂಟನ್ನು ಒಣ ಕೈಯಲ್ಲಿ ಹಾಕಿ. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ. ದೂರಿಗೆ ಹೋದ ಮನೆಯವರು ತಾವು ಇಂಥದ್ದು ಮಾಡಿದ್ದೆವು ಎಂದು ಹೇಳಿದರೆ, ಮೊದಲು ಅದನ್ನು ನಂಬಿ ಕೆಲಸ ಶುರು ಮಾಡಿ.

ಹೊನ್ನೆಕೊಪ್ಪದವರು ಯಾರಾದರೂ ಇದನ್ನು ಓದಿದರೆ ಊರಿನಲ್ಲಿ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ. ಆ ವರ್ಷ ನಿಮ್ಮ ನೆಟ್ ಹೋದದ್ದು ನಾನು ಗುಂಡಿಗೆ ನೀರು ಹೊಯ್ಯದೆ ಬಿಟ್ಟದ್ದರಿಂದ. ಅಂದು ಗುಡುಗುವ ಮೊದಲೇ ಪಿನ್ ಕಿತ್ತಿಟ್ಟವರು, ಇಂದಿನವರೆಗೂ ನಾನು ತಪ್ಪಾಯಿತೆಂದು ಹೇಳಿಕೊಳ್ಳದ ನಿಮ್ಮ ಪತ್ರಿಕೆ ಅಕ್ಕ, ಶಕುಂತಲಾ ನಾಗೇಶ ಶೇಟ್.